ತೆರಕಣಾಂಬಿಗೆ ಮುಂಚೆ ನಿಲ್ಲುತ್ತಿದ್ದ ಕಾರು

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ವರ್ಷಗಳಲ್ಲಿ ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ನನ್ನದೊಂದು ಶೆಡ್ಡಿತ್ತು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಯ ಮೇಲೆ ಸಾಲಾಗಿ ಸ್ಪ್ಯಾನರುಗಳು. ನನ್ನ ಊರು ಚಂದಕವಾಡಿಯ ಕಡೆ. ಅಪ್ಪ ಬೇರೆಯವರ ಹೊಲದಲ್ಲಿ ದುಡಿದವನು. ನಾನು ಗುಂಡ್ಲುಪೇಟೆಗೆ ಬಂದು ಒಬ್ಬ ಮಲಯಾಳಿ ಮೇಸ್ತ್ರಿಯ ಹತ್ತಿರ ಹನ್ನೆರಡು ವರ್ಷ ಕೆಲಸ ಕಲಿತೆ. ಅವನು ವಯನಾಡಿಗೆ ವಾಪಸ್ಸು ಹೋದ ಮೇಲೆ ಶೆಡ್ಡು ನನ್ನದಾಯಿತು.

ಮೇಸ್ತ್ರಿ ನನಗೆ ಕಲಿಸಿದ ದೊಡ್ಡ ವಿದ್ಯೆ ಎಂದರೆ ಕೇಳುವುದು. ಹಳೆಯ ಪೆಟ್ರೋಲ್ ಎಂಜಿನ್ನುಗಳಲ್ಲಿ ಕಿಡಿಯನ್ನು ಹಂಚುವುದಕ್ಕೆ ಡಿಸ್ಟ್ರಿಬ್ಯೂಟರ್ ಎಂಬ ಒಂದು ಬುರುಡೆ ಇರುತ್ತಿತ್ತು. ಅದನ್ನು ಕೈಯಲ್ಲಿ ಹಿಡಿದು ಕೂದಲೆಳೆಯಷ್ಟು ತಿರುಗಿಸಿದರೆ ಕಿಡಿ ಬೇಗ ಬೀಳುತ್ತದೆ, ಇಲ್ಲವೇ ತಡವಾಗಿ ಬೀಳುತ್ತದೆ. ಪಿಸ್ಟನ್ ಮೇಲೆ ಬಂದು ಇನ್ನೇನು ತುದಿ ಮುಟ್ಟಬೇಕು ಎನ್ನುವಾಗ ಕಿಡಿ ಬೀಳಬೇಕು. ಬೇಗ ಬಿದ್ದರೆ ಎಂಜಿನ್ ಕಲ್ಲು ಜಗಿದ ಹಾಗೆ ಸದ್ದು ಮಾಡುತ್ತದೆ, ತಡವಾದರೆ ದಣಿದ ಎತ್ತಿನಂತೆ ಏದುಸಿರು ಬಿಡುತ್ತದೆ. ಎರಡರ ನಡುವಿನ ಜಾಗ ನನ್ನ ಕಿವಿಗೆ ಸಿಕ್ಕುತ್ತಿತ್ತು. ಊಟಿಗೆ ಹೋಗುವ ಡ್ರೈವರುಗಳು ಘಾಟಿ ಹತ್ತುವ ಮೊದಲು ನನ್ನ ಶೆಡ್ಡಿನ ಮುಂದೆ ನಿಲ್ಲಿಸಿ, "ವಸಿ ಕಿವಿಕೊಟ್ಟು ನೋಡಣ್ಣ" ಎನ್ನುತ್ತಿದ್ದರು. ಆ ಮಾತು ನನ್ನ ತಲೆಗೆ ಏರಿತ್ತು.

ಚಾಮರಾಜನಗರದ ಅರಿಶಿನದ ಸಾಹುಕಾರರೊಬ್ಬರು ವಾರಕ್ಕೊಮ್ಮೆ, ಮಂಗಳವಾರ, ಗುಂಡ್ಲುಪೇಟೆಗೆ ಬರುತ್ತಿದ್ದರು. ದಪ್ಪ ಮೈ, ದೊಡ್ಡ ನಗು, ಬೆರಳುಗಳಲ್ಲಿ ಯಾವಾಗಲೂ ಹಳದಿ. ಅವರ ಹಳೆಯ ಅಂಬಾಸಿಡರ್ ಕಾರನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಒಂದು ದಿನ ಅದನ್ನು ಕೊಟ್ಟು ಹೊಸ ಕಾರು ತಂದರು. ಕಾರ್ಬುರೇಟರ್ ಇಲ್ಲ, ಡಿಸ್ಟ್ರಿಬ್ಯೂಟರ್ ಇಲ್ಲ. ಪೆಟ್ರೋಲನ್ನು ಸಣ್ಣ ಸೂಜಿಬಾಯಿಗಳಿಂದ ಚಿಮ್ಮಿಸುವ, ಎಲ್ಲವನ್ನೂ ಕಂಪ್ಯೂಟರ್ ಪೆಟ್ಟಿಗೆಯೊಂದು ನಡೆಸುವ ಗಾಡಿ. ಬಾನೆಟ್ ಎತ್ತಿ ನೋಡಿದಾಗ ನನ್ನ ಕೈಗೆ ತಿರುಗಿಸಲು ಏನೂ ಸಿಗಲಿಲ್ಲ. ಸಾಹುಕಾರರು ನನ್ನ ಮುಖ ನೋಡಿ ನಕ್ಕರು. "ಯಾಕಯ್ಯಾ, ಹೊಸ ಹೆಣ್ಣ ನೋಡಕ್ಕೆ ಬಂದವನಂಗೆ ನಿಂತ್ಬುಟ್ಟೆ?"

ಕೆಲವು ತಿಂಗಳು ಗಾಡಿ ಚೆನ್ನಾಗಿ ಓಡಿತು. ಬೇಸಿಗೆ ಶುರುವಾದ ಮೇಲೆ ಒಂದು ಮಂಗಳವಾರ ಅವರು ಬಂದು ಹೇಳಿದರು: "ಬರೋವಾಗ ದಾರೀಲಿ ಆಫ್ ಆಗೋಯ್ತು ಕಣಯ್ಯಾ. ತೆರಕಣಾಂಬಿ ಇನ್ನೂ ಸಿಕ್ಕಿರ್ನಿಲ್ಲ. ಎಷ್ಟ್ ಸೆಲ್ಫ್ ಹೊಡುದ್ರೂ ಇಲ್ಲ. ಇಪ್ಪತ್ತು ನಿಮಿಷ ಬುಟ್ಟು ಹೊಡುದ್ರೆ ಏನೂ ಆಗ್ದಂಗೆ ಸ್ಟಾರ್ಟ್ ಆಯ್ತು."

ಅವರು ಊಟಕ್ಕೆ ಹೋದರು. ನಾನು ಪ್ಲಗ್ಗುಗಳನ್ನು ಬಿಚ್ಚಿ ಒರೆಸಿದೆ. ಪೆಟ್ರೋಲ್ ಫಿಲ್ಟರ್ ಬದಲಿಸಿದೆ. ಹಳೆಯದನ್ನು ಗರಗಸದಿಂದ ಕೊಯ್ದು ಬಿಚ್ಚಿ ನೋಡಿದೆ. ಒಳಗೆ ಒಂದು ಕಾಳು ಕಸವೂ ಇರಲಿಲ್ಲ. ಬೇಗೂರಿನ ಕಡೆ ಹತ್ತು ನಿಮಿಷ ಓಡಿಸಿ ಬಂದೆ. ಎಂಜಿನ್ ಹಾಡುತ್ತಿತ್ತು. ಕಿವಿ ಕೊಟ್ಟೆ, ಕಿವಿಗೆ ಏನೂ ಸಿಗಲಿಲ್ಲ.

"ಮೈಸೂರಿಗೆ ತಕ್ಕಂಡೋಗಿ ಕಂಪನಿಯೋರ್ಗೆ ತೋರುಸ್ಲಾ?" ಎಂದು ಸಾಹುಕಾರರು ಕೇಳಿದರು.

"ಏನೂ ಬ್ಯಾಡಿ ಸಾವ್ಕಾರ್ರೇ. ಫಿಲ್ಟರ್ ತುಂಬ ಕಸ ಕಟ್ಕಂಡಿತ್ತು. ತೆಗುದಿವ್ನಿ. ಗಾಡೀಲಿ ಏನೂ ಇಲ್ಲ, ಧೈರ್ಯವಾಗಿ ಓಡುಸ್ಕಂಡೋಗಿ" ಎಂದೆ.

ಕೊಯ್ದ ಫಿಲ್ಟರ್ ಆಗಲೂ ಬೆಂಚಿನ ಮೇಲೆ, ಸ್ವಚ್ಛವಾಗಿ ಬಿದ್ದಿತ್ತು. ಮಾತಾಡುತ್ತಲೇ ಅದರ ಮೇಲೆ ಒಂದು ಚಿಂದಿ ಬಟ್ಟೆ ಎಳೆದೆ. ನನಗೆ ಗೊತ್ತಿಲ್ಲ ಎಂಬ ಮಾತು ಬಾಯಿಗೆ ಬರಲಿಲ್ಲ.

ಮುಂದಿನ ಮಂಗಳವಾರ ಅವರು ಬಂದು ಹೋದರು, ಗಾಡಿ ನಿಲ್ಲಲಿಲ್ಲ. ಅದರ ಮುಂದಿನ ಮಂಗಳವಾರ ಸಂಜೆ, ಚಾಮರಾಜನಗರದ ಬಸ್ಸಿನ ಕಂಡಕ್ಟರ್ ಚಹಾ ಕುಡಿಯಲು ಇಳಿದವನು ಸುದ್ದಿ ಹೇಳಿದ. ತೆರಕಣಾಂಬಿಗೆ ಮುಂಚೆ, ರಸ್ತೆ ಪಕ್ಕದ ಹುಣಸೇಮರದ ಕೆಳಗೆ, ಸಾಹುಕಾರರು ತೀರಿಕೊಂಡಿದ್ದರು. ನಡು ಮಧ್ಯಾಹ್ನ ಗಾಡಿ ಕೆಟ್ಟು ನಿಂತಿತ್ತಂತೆ. ಒಬ್ಬರೇ ಅದನ್ನು ನೆರಳಿಗೆ ತಳ್ಳಿದ್ದಾರೆ. ಆಮೇಲೆ ಎದೆ ಹಿಡಿದುಕೊಂಡು ಕೂತಿದ್ದಾರೆ. ಬಸ್ಸು ಬಂದು ಎತ್ತಿಕೊಳ್ಳುವ ಹೊತ್ತಿಗೆ ಉಸಿರಿರಲಿಲ್ಲ.

ಮಣ್ಣಿಗೆ ಹೋದೆ. ಕಾರನ್ನು ಯಾರೋ ತಂದು ಮನೆಯ ಮುಂದೆ ನಿಲ್ಲಿಸಿದ್ದರು. ಚಾವಿ ತಿರುಗಿಸಿದೊಡನೆ ಏನೂ ಆಗದಂತೆ ಸ್ಟಾರ್ಟ್ ಆಗಿತ್ತಂತೆ. ಜನ ಅದರ ಬಾನೆಟ್ಟಿಗೆ ಒರಗಿ ನಿಂತಿದ್ದರು. ನಾನು ಅದರ ಹತ್ತಿರ ಹೋಗಲಿಲ್ಲ. ಹೃದಯ ಕೆಟ್ಟರೆ ಯಾವ ಮೆಕ್ಯಾನಿಕ್ ಏನು ಮಾಡಬಲ್ಲ ಎಂದು ಬಸ್ಸಿನಲ್ಲಿ ವಾಪಸ್ಸು ಬರುವಷ್ಟೂ ಹೊತ್ತು ನನಗೆ ನಾನೇ ಹೇಳಿಕೊಂಡೆ.

ಆ ಮಳೆಗಾಲದಲ್ಲಿ ಮೈಸೂರಿನ ಬಿಡಿಭಾಗದ ಅಂಗಡಿಯವರು ಊರೂರಿನ ಮೆಕ್ಯಾನಿಕ್ಕುಗಳನ್ನು ಕರೆದು ಮೂರು ದಿನದ ತರಗತಿ ಮಾಡಿಸಿದರು. ಕಲಿಸಲು ಬಂದವನು ನನಗಿಂತ ತುಂಬ ಚಿಕ್ಕವನು. ಮೇಜಿನ ಮೇಲೆ ಸೀಳಿದ ಎಂಜಿನ್ ಇಟ್ಟಿದ್ದ. ಪಿಸ್ಟನ್ನುಗಳು ತಿರುಗಿಸುವ ದಂಡದ, ಅಂದರೆ ಕ್ರ್ಯಾಂಕಿನ, ಕೊನೆಯಲ್ಲಿದ್ದ ಹಲ್ಲಿನ ಚಕ್ರವನ್ನು ತೋರಿಸಿ, "ಇದರಲ್ಲಿ ಒಂದು ಕಡೆ ಬೇಕೆಂದೇ ಹಲ್ಲು ಬಿಟ್ಟಿದ್ದಾರೆ, ನೋಡಿ" ಎಂದ. ಚಕ್ರದ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಒಂದು ಸೆನ್ಸರ್. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಂತಿ. ಒಂದೊಂದು ಹಲ್ಲು ಎದುರಿಗೆ ಹಾದಾಗಲೂ ತಂತಿಯಲ್ಲಿ ಒಂದು ಸಣ್ಣ ಮಿಡಿತ ಹುಟ್ಟುತ್ತದೆ. ಹಲ್ಲಿಲ್ಲದ ಜಾಗ ಬಂದಾಗ ಮಿಡಿತ ತಪ್ಪುತ್ತದೆ. ಆ ತಪ್ಪಿದ ಮಿಡಿತದಿಂದಲೇ ಕಂಪ್ಯೂಟರಿಗೆ ಪಿಸ್ಟನ್ ಎಲ್ಲಿದೆ ಎಂದು ಗೊತ್ತಾಗುವುದು. ಅಲ್ಲಿಂದ ಹಲ್ಲು ಎಣಿಸಿಕೊಂಡು ಯಾವಾಗ ಪೆಟ್ರೋಲ್ ಚಿಮ್ಮಿಸಬೇಕು, ಯಾವಾಗ ಕಿಡಿ ಬಿಡಬೇಕು ಎಂದು ಅದು ತೀರ್ಮಾನ ಮಾಡುತ್ತದೆ. ಮೇಲೆ, ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮಿನ ಹತ್ತಿರ ಇನ್ನೊಂದು ಸೆನ್ಸರ್. ಪಿಸ್ಟನ್ ಮೇಲೇರುತ್ತಿರುವುದು ಪೆಟ್ರೋಲನ್ನು ಒತ್ತುವುದಕ್ಕೋ, ಹೊಗೆಯನ್ನು ಹೊರಗೆ ಹಾಕುವುದಕ್ಕೋ ಎಂದು ಹೇಳುವುದು ಅದರ ಕೆಲಸ.

"ಕ್ರ್ಯಾಂಕಿನ ಸೆನ್ಸರ್ ಸುಮ್ಮನಾದರೆ?" ಎಂದು ಯಾರೋ ಕೇಳಿದರು.

"ಎಂಜಿನ್ ನಿಂತಿದೆ ಅಂತ ಕಂಪ್ಯೂಟರ್ ತಿಳ್ಕೊಳ್ಳುತ್ತೆ. ನಿಂತಿರೋ ಎಂಜಿನ್ನಿಗೆ ಪೆಟ್ರೋಲ್ ಯಾಕೆ, ಕಿಡಿ ಯಾಕೆ? ಎರಡನ್ನೂ ಒಟ್ಟಿಗೇ ನಿಲ್ಲಿಸಿಬಿಡುತ್ತೆ" ಎಂದ.

ಇಲ್ಲಿ ಕಿವಿಗೆ ಕೆಲಸವೇ ಇಲ್ಲವಲ್ಲ ಎಂಬ ಬೇಜಾರು ಬಿಟ್ಟರೆ ನನಗೆ ಅವತ್ತು ಬೇರೆ ಏನೂ ಹೊಳೆಯಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಸಾಹುಕಾರರ ಮನೆಗೆ ಹೊಸದಾಗಿ ಸೇರಿದ್ದ ಡ್ರೈವರ್ ನನ್ನ ಶೆಡ್ಡಿಗೆ ಬಂದ. ಗಂಡ ಹೋದ ಮೇಲೆ ವ್ಯಾಪಾರವನ್ನು ಅವರ ಹೆಂಡತಿಯೇ ನಡೆಸುತ್ತಿದ್ದರು. ಗಂಡನಂತೆಯೇ ಮಂಗಳವಾರ ಗುಂಡ್ಲುಪೇಟೆಗೆ ಬರುತ್ತಿದ್ದರು. ಡ್ರೈವರ್ ನಲವತ್ತು ದಾಟಿದವನು, ಲಾರಿ ಓಡಿಸಿ ಗಟ್ಟಿಯಾದವನು. ಅಂಥವನು ಕೂರು ಎಂದರೂ ಕೂರದೆ ಹೇಳಿದ.

"ಅದೇ ಜಾಗದಲ್ಲಿ ನಿಂತೋಯ್ತದ ಕಣಣ್ಣ. ಅದೇ ಹುಣ್ಸೇಮರ. ನಾಕು ವಾರ ಆಯ್ತು. ಬರೋವಾಗ ಮಾತ್ರ ನಿಲ್ತದ, ಸಂಜ ವಾಪಸ್ ಓಗೋವಾಗ ನಿಲ್ಲಲ್ಲ. ನಿಂಬೆಹಣ್ಣು ಕಟ್ಟುಸ್ದಿ, ಬೂದುಗುಂಬಳ ಒಡುಸ್ದಿ. ಸಾವ್ಕಾರ್ರು ಗಾಡಿ ಬುಟ್ಟೋಗಿಲ್ಲ ಅಂತವ್ರ ಎಲ್ಲ. ನಾನು ಕೆಲ್ಸ ಬುಡ್ತೀನಿ ಅಂದ್ರ, ಮೊದಲು ನಿನ್ನ ಕರ್ಕಬಾ ಅಂದ್ರು ಅಮ್ಮಾವ್ರು."

ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಬರುವಾಗ ಮಾತ್ರ, ಬಿಸಿಲಿನಲ್ಲಿ ಮಾತ್ರ, ಅರ್ಧ ಗಂಟೆ ಓಡಿದ ಮೇಲೆ ಮಾತ್ರ. ಒಂದು ವರ್ಷದ ಹಿಂದೆ ಸಾಹುಕಾರರು ಹೇಳಿದ್ದೂ ಇದನ್ನೇ.

ಮುಂದಿನ ಮಂಗಳವಾರ ಬೆಳಿಗ್ಗೆ ಬಸ್ಸು ಹಿಡಿದು ಚಾಮರಾಜನಗರಕ್ಕೆ ಹೋದೆ. ಅಮ್ಮನವರು ಹಿಂದಿನ ಸೀಟಿನಲ್ಲಿ, ನಾನು ಡ್ರೈವರಿನ ಪಕ್ಕ. ಐವತ್ತರ ಹತ್ತಿರದ ಹೆಂಗಸು, ಬಿಳಿ ಹೂವಿನ ವಾಯಿಲ್ ಸೀರೆ, ಮಡಿಲಲ್ಲಿ ಅರಿಶಿನದ ಕೊಂಬುಗಳ ಮಾದರಿಯಿದ್ದ ಬಟ್ಟೆಯ ಚೀಲ. ನನ್ನನ್ನು ನೋಡಿ, "ಬಂದ್ರಲ್ಲ, ಒಳ್ಳೇದಾಯ್ತು" ಎಂದರು. ಅಷ್ಟೇ.

ಹನ್ನೊಂದು ಗಂಟೆಯ ಬಿಸಿಲು. ದಾರಿಯುದ್ದಕ್ಕೂ ಡ್ರೈವರ್ ತುಟಿಯಲ್ಲೇ ಏನನ್ನೋ ಜಪಿಸುತ್ತಿದ್ದ. ನಾನು ಎಂಜಿನ್ನಿನ ಸುತ್ತು ತೋರಿಸುವ ಮುಳ್ಳಿನ ಮೇಲೆ ಕಣ್ಣು ನೆಟ್ಟಿದ್ದೆ. ದೂರದಲ್ಲಿ ಹುಣಸೇಮರ ಕಂಡಿತು. ಡ್ರೈವರ್ ಆಕ್ಸಿಲರೇಟರ್ ಒತ್ತಿದ, ಬೇಗ ದಾಟಿಬಿಡಲೆಂದು. ಆಗ ಸದ್ದು ನಿಂತಿತು.

ತಗ್ಗಲಿಲ್ಲ, ಕೆಮ್ಮಲಿಲ್ಲ, ಎಳೆದಾಡಲಿಲ್ಲ. ಯಾರೋ ಕೈಯಿಂದ ಬಾಯಿ ಮುಚ್ಚಿದಂತೆ ನಿಂತಿತು. ಗಾಡಿ ಇನ್ನೂ ಗೇರಿನಲ್ಲಿ ಓಡುತ್ತಿತ್ತು, ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಲೇ ಇದ್ದವು. ಆದರೆ ಆ ಮುಳ್ಳು ಒಂದೇ ಏಟಿಗೆ ಸೊನ್ನೆಗೆ ಬಿದ್ದಿತ್ತು. ಎಂಜಿನ್ ತಿರುಗುತ್ತಿದೆ, ಆದರೆ ಆ ಸುದ್ದಿಯನ್ನು ಕಂಪ್ಯೂಟರಿಗೆ ಹೇಳುವವನು ಸುಮ್ಮನಾಗಿದ್ದಾನೆ. ನನ್ನ ಮೈಯ ಕೂದಲು ನೆಟ್ಟಗಾದವು. ದೆವ್ವದ ಭಯದಿಂದಲ್ಲ. ಟೈರುಗಳ ಸದ್ದು, ಗಾಳಿಯ ಸದ್ದು, ಹಿಂದೆ ಕೂತ ಹೆಂಗಸಿನ ಉಸಿರಿನ ಸದ್ದು. ಸಾಹುಕಾರರು ಕೇಳಿದ್ದು ಇದೇ ಮೌನ.

ಕಾರು ಮರದ ನೆರಳಿನಲ್ಲಿ ತಾನೇ ನಿಂತಿತು. ನಾನು ಬಾನೆಟ್ ಎತ್ತಿದೆ. ಡ್ರೈವರ್ ಚಾವಿ ತಿರುಗಿಸಿದಾಗ ಕಿಡಿ ಇರಲಿಲ್ಲ. ಪೆಟ್ರೋಲ್ ಪಂಪು ಎರಡು ಕ್ಷಣ ಗುಂಯ್ ಎಂದು ಸುಮ್ಮನಾಗುತ್ತಿತ್ತು, ಸೆಲ್ಫ್ ತಿರುಗುವಾಗ ಅದರ ಸದ್ದೇ ಇರಲಿಲ್ಲ. ಎರಡೂ ಒಟ್ಟಿಗೇ ಹೋಗಿದ್ದವು.

ಪಕ್ಕದ ಹೊಲದಲ್ಲಿ ಈರುಳ್ಳಿಗೆ ಕಳೆ ಕೀಳುತ್ತಿದ್ದ ಒಬ್ಬ ಹೆಂಗಸು ತಂಬಿಗೆಯಲ್ಲಿ ನೀರು ತಂದಳು. ಅಮ್ಮನವರಿಗೆ ಅವಳು ಗೊತ್ತಿದ್ದವಳು. ಗಾಡಿ ನಿಂತಾಗಲೆಲ್ಲ ಬರುತ್ತಿದ್ದಳು ಎಂದು ಕಾಣುತ್ತದೆ. ಅಮ್ಮನವರು ಬಾಗಿಲು ತೆರೆದು ಹೊರಗೆ ಕಾಲಿಟ್ಟು ಕೂತರು. ನನ್ನನ್ನು ನೋಡುತ್ತಾ ಅವಳಿಗೆ ಹೇಳಿದರು: "ಇವ್ರಿಗೂ ಹೇಳವ್ವ."

ಅವಳು ಸೆರಗು ಸರಿಮಾಡಿಕೊಂಡಳು. "ಅವತ್ತು ಇಲ್ಲೇ ಬಾನೆಟ್ ಎತ್ಕಂಡು ನಿಂತಿದ್ರು ಕಣಣ್ಣ. ಬಿಸುಲ್ನಲ್ಲಿ ತಳ್ಕಂಡು ಬಂದಿದ್ರಲ್ಲ, ಮೈಯೆಲ್ಲ ನೀರಾಗೋಗಿತ್ತು. ನೀರ್ ಕೊಡವ್ವ ಅಂದ್ರು. ಕೊಟ್ಟಿ. ಅರ್ಧ ಕುಡುದ್ರು, ಉಳ್ದುದ್ದ ಮೊಕಕ್ಕ ಹಾಕ್ಕಂಡ್ರು. 'ಏನೂ ಇಲ್ಲ ಅಂದ್ನಲ್ಲ ಮೆಕ್ಯಾನಿಕ್ಕು' ಅಂತ ಒಬ್ಬರೇ ನಗ್ತಿದ್ರು. ಆಮ್ಯಾಕ ಎದೆ ಮೇಲೆ ಕೈ ಇಟ್ಕಂಡ್ರು."

ಅವಳಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ನಾನು ಬಾನೆಟ್ಟಿನೊಳಗೆ ಬಗ್ಗಿದೆ. ಅಲ್ಲಿ ಮುಖ ಕಾಣುವುದಿಲ್ಲ. ಎಂಜಿನ್ನಿನ ಹಿಂಬದಿಗೆ ಕೈ ತೂರಿಸಿ ತಡಕಿದಾಗ, ಕೆಳಗೆ, ಸೈಲೆನ್ಸರಿನ ಕೊಳವೆಯ ಬಿಸಿ ಹೊಡೆಯುವ ಜಾಗದಲ್ಲಿ, ತರಗತಿಯಲ್ಲಿ ಕಂಡಿದ್ದ ಆ ಕ್ರ್ಯಾಂಕಿನ ಸೆನ್ಸರ್ ಸಿಕ್ಕಿತು. ಮುಟ್ಟಲಾಗದಷ್ಟು ಸುಡುತ್ತಿತ್ತು.

"ವಸಿ ನೀರು ಕೊಡವ್ವ" ಎಂದೆ. ಅದೇ ಮಾತು. ಹೇಳಿದ ಮೇಲೆ ಗೊತ್ತಾಯಿತು.

ತಂಬಿಗೆಯ ನೀರನ್ನು ಸೆನ್ಸರಿನ ಮೇಲೆ ನಿಧಾನವಾಗಿ ಸುರಿದೆ. ಚುರ್ ಎಂದು ಆವಿ ಎದ್ದಿತು. ಎರಡು ನಿಮಿಷ ಬಿಟ್ಟು ಇನ್ನಷ್ಟು ಸುರಿದೆ. "ಈಗ ಹೊಡಿ" ಎಂದೆ. ಮೊದಲ ಸುತ್ತಿಗೇ ಎಂಜಿನ್ ಹಿಡಿಯಿತು. ಡ್ರೈವರ್ ಕೈಮುಗಿದ.

ಬಿಸಿಯಾದಾಗ ಸೆನ್ಸರಿನ ಒಳಗಿನ ತಂತಿ ಹಿಗ್ಗಿ, ಎಲ್ಲೋ ಬಿರುಕು ಬಿಟ್ಟ ಒಂದು ಕಡೆ ಬೇರೆಯಾಗುತ್ತದೆ. ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆ. ಮನೆಯಿಂದ ಹೊರಟು ಸುಡುಬಿಸಿಲಿನಲ್ಲಿ ಇಷ್ಟು ದೂರ ಬರುವ ಹೊತ್ತಿಗೆ ಅಷ್ಟು ಬಿಸಿ ಏರುತ್ತಿತ್ತು. ಸಂಜೆಯ ತಂಪಿನಲ್ಲಿ ಏರುತ್ತಿರಲಿಲ್ಲ. ಇದನ್ನು ಡ್ರೈವರಿಗೆ ವಿವರಿಸಿದೆ. ಅವನ ಮುಖ ಮೊದಲ ಸಲ ಅರಳಿತು. "ಹಂಗಾದ್ರ ಸಾವ್ಕಾರ್ರಲ್ವಾ?" ಎಂದ.

ಅಮ್ಮನವರು ಕೇಳಿದ್ದು ಬೇರೆ. "ಅವತ್ತೂ ಇದೇ ಆಗಿತ್ತಾ?"

"ಇರ್ಲಾರ್ದು ಕಣವ್ವ" ಎಂದೆ. "ಅದು ಬ್ಯಾರೆ ಏನೋ ಇರ್ಬೇಕು. ಇದು ಈಗೀಗ ಕೆಟ್ಟಿರೋದು."

ಅವರು ತಲೆಯಾಡಿಸಿ ಕಾಲನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದರು.

ಮೈಸೂರಿನಿಂದ ಹೊಸ ಸೆನ್ಸರ್ ತರಿಸಿ ಹಾಕಿದೆ. ಎರಡು ನಟ್ಟು, ಒಂದು ಪ್ಲಗ್ಗು, ಕಾಲು ಗಂಟೆಯ ಕೆಲಸ. ಕಾರು ಮತ್ತೆ ನಿಲ್ಲಲಿಲ್ಲ. ನಿಂತದ್ದು ನಾನು. ಶೆಡ್ಡಿನಲ್ಲಿ ಯಾವುದಾದರೂ ಎಂಜಿನ್ ಓಡುತ್ತಿದ್ದರೆ, ಕೆಲಸ ಮಾಡುತ್ತಾ ಇದ್ದಕ್ಕಿದ್ದಂತೆ ಸದ್ದು ನಿಂತದ್ದು ನನಗೆ ಕೇಳುತ್ತಿತ್ತು. ಬೆಚ್ಚಿ ತಲೆಯೆತ್ತಿದರೆ ಎಂಜಿನ್ ಓಡುತ್ತಲೇ ಇರುತ್ತಿತ್ತು. ಮಧ್ಯಾಹ್ನದ ಹೊತ್ತು ಅದು ಹೆಚ್ಚು. ಯಾವ ಕಿವಿಯನ್ನು ನಂಬಿ ಬದುಕಿದ್ದೆನೋ ಅದೇ ನನಗೆ ಸುಳ್ಳು ಹೇಳತೊಡಗಿತ್ತು. ಒಮ್ಮೆ ಜೀಪಿನ ಬಾನೆಟ್ಟಿನೊಳಗೆ ಬಗ್ಗಿದ್ದಾಗ, ಹಿಂದೆ ಯಾರೋ ನಿಂತು ನಗುತ್ತಿದ್ದಾರೆ ಅನ್ನಿಸಿತು. ಗಟ್ಟಿಯಾದ ನಗುವಲ್ಲ, ತನ್ನಷ್ಟಕ್ಕೆ ತಾನು ನಗುವ ನಗು. ತಿರುಗಿದರೆ ಬರೀ ರಸ್ತೆ. ತಟ್ಟೆಯ ಮುಂದೆ ಕೂತರೆ ಅನ್ನ ಇಳಿಯುತ್ತಿರಲಿಲ್ಲ.

ನನ್ನ ಹೆಂಡತಿ ಎರಡು ತಿಂಗಳು ನೋಡಿದಳು. ಒಂದು ದಿನ ತಟ್ಟೆ ಎತ್ತುತ್ತಾ, "ಯಾರ್ಗೇನ್ ಹೇಳ್ಬೇಕೋ ಓಗ್ ಹೇಳ್ಬುಟ್ಟು ಬನ್ನಿ. ಇಲ್ಲಿ ಕುಂತ್ಕಂಡ್ ಒಣುಗ್ಬ್ಯಾಡಿ" ಎಂದಳು. ನಾನು ಅವಳಿಗೆ ಏನೂ ಹೇಳಿರಲಿಲ್ಲ.

ಚಾಮರಾಜನಗರದ ಆ ಮನೆಯ ಹಿಂದಿನ ಅಂಗಳದಲ್ಲಿ ಬೇಯಿಸಿದ ಅರಿಶಿನವನ್ನು ಒಣಗಲು ಹರಡಿದ್ದರು. ಅಮ್ಮನವರು ಕೊಂಬು ಮುರಿದು ಬಣ್ಣ ನೋಡುತ್ತಾ ನಿಂತಿದ್ದರು. ನಿಂತ ಹಾಗೆಯೇ ಎಲ್ಲ ಹೇಳಿದೆ. ಫಿಲ್ಟರ್ ಸ್ವಚ್ಛವಾಗಿತ್ತು. ಕಸ ಇತ್ತು ಎಂದದ್ದು ಸುಳ್ಳು. ಗೊತ್ತಿಲ್ಲ ಎಂದಿದ್ದರೆ ಅವರು ಮೈಸೂರಿಗೆ ಹೋಗುತ್ತಿದ್ದರು. ಅವತ್ತು ನಿಂತದ್ದೂ ಅದೇ ಸೆನ್ಸರಿನಿಂದ. ಮರದ ಕೆಳಗೆ ನಾನು ಹೇಳಿದ್ದು ಎರಡನೆಯ ಸುಳ್ಳು.

ಅವರು ಮುರಿದ ಕೊಂಬನ್ನು ಕೆಳಗೆ ಹಾಕಿ ಕೈ ಕೊಡವಿದರು. "ಗೊತ್ತು. ಆ ಹೆಂಗಸು ವಾರ ವಾರ ಹೇಳ್ತಿದ್ದುದ್ದ ನೀವೂ ಕೇಳಿದ್ರಲ್ಲ. ನೀವು ಆ ಜಾಗದಲ್ಲಿ ಒಂದ್ಸಲ ನಿಂತ್ಕಬೇಕು ಅಂತಾನೇ ನಾನು ಡ್ರೈವರ್ನ ಕಳ್ಸಿದ್ದು."

ಬಗ್ಗಿ ಇನ್ನೊಂದು ಕೊಂಬು ಎತ್ತಿಕೊಂಡರು.

"ಗಾಡಿ ಅವ್ರೇ ನಿಲ್ಲುಸ್ತಾರೆ ಅಂತ ನಾನೇನೂ ನಂಬಿರ್ನಿಲ್ಲ" ಎಂದರು. "ಆದ್ರೆ ಅಲ್ಲಿ ಇಪ್ಪತ್ತು ನಿಮಿಷ ಕುಂತ್ಕಳಕ್ಕೆ ನನಗೊಂದು ನೆಪ ಬೇಕಾಗಿತ್ತು. ಅದ್ನೂ ನೀವೇ ರಿಪೇರಿ ಮಾಡ್ಬುಟ್ರಿ."

"ನಾನು ಏನ್ ಮಾಡ್ಲಿ, ಹೇಳವ್ವ" ಎಂದೆ.

"ಏನೂ ಮಾಡ್ಬ್ಯಾಡಿ. ಗಾಡಿ ನೀವೇ ನೋಡ್ಕಳಿ. ಬ್ಯಾರೆಯೋರ ಕೈಗೆ ಕೊಡಲ್ಲ." ಅಷ್ಟು ಹೇಳಿ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ಕಳಿಸಿದರು. ಅದು ಕ್ಷಮೆಯೋ ಶಿಕ್ಷೆಯೋ ನನಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ. ಮಜ್ಜಿಗೆ ಕುಡಿದೆ.

ಅಲ್ಲಿಂದ ಮುಂದೆ ಮೂರು ತಿಂಗಳಿಗೊಮ್ಮೆ ಕಾರು ನನ್ನ ಶೆಡ್ಡಿಗೆ ಬರುತ್ತಿತ್ತು. ನಾನು ಆಮೇಲೆ ಯಾರಿಗೂ ಗಾಡಿಯಲ್ಲಿ ಏನೂ ಇಲ್ಲ ಎಂದು ಹೇಳಲಿಲ್ಲ. "ನನಗೆ ಸಿಗ್ಲಿಲ್ಲ, ಮೈಸೂರಿಗೆ ತೋರ್ಸಿ" ಎನ್ನುವುದನ್ನು ಕಲಿತೆ. ಗಿರಾಕಿಗಳು ಕಡಿಮೆಯಾದರು. ಇವನಿಗೆ ಹೊಸ ಗಾಡಿಯ ಕೆಲಸ ಬರುವುದಿಲ್ಲ ಎಂದು ಕೆಲವರು ಆಡಿಕೊಂಡರು. ಅದು ನಿಜವೂ ಆಗಿತ್ತು. ಮಲ್ಟಿಮೀಟರ್ ಕೊಂಡು, ಇಂಗ್ಲಿಷಿನ ಪುಸ್ತಕವನ್ನು ಪಕ್ಕದ ಹೈಸ್ಕೂಲಿನ ಮೇಷ್ಟರಿಂದ ಓದಿಸಿಕೊಂಡು ನಿಧಾನವಾಗಿ ಕಲಿತೆ. ಮಧ್ಯಾಹ್ನ ಸದ್ದು ನಿಂತಂತಾಗುವುದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಡ್ರೈವರ್ ಕೆಲಸ ಬಿಡಲಿಲ್ಲ. ಆದರೆ ಒಮ್ಮೆ ಬಂದಾಗ ಬೇರೆ ಥರದ ಭಯದಿಂದ ಹೇಳಿದ: "ಈಗ ಗಾಡಿ ನಿಲ್ಲಲ್ಲ ಕಣಣ್ಣ. ಅಮ್ಮಾವ್ರೇ ನಿಲ್ಸು ಅಂತಾರ. ಎಂಜಿನ್ ಆಫ್ ಮಾಡುಸ್ತಾರ. ನನ್ನ ಟೀ ಕುಡ್ಕಬಾ ಅಂತ ಕಳುಸ್ತಾರ, ಅಲ್ಲೆಲ್ಲಿ ಟೀ ಸಿಕ್ಕದು? ನಾನು ಸುಮ್ಕ ವಸಿ ದೂರ ನಡ್ಕಂಡೋಯ್ತೀನಿ."

ಎರಡು ವರ್ಷದ ಮೇಲೆ ಅಮ್ಮನವರು ವ್ಯಾಪಾರ ಮುಗಿಸಿ ಕೊಳ್ಳೇಗಾಲದ ತಂಗಿಯ ಮನೆಗೆ ಹೋಗುವುದೆಂದು ತೀರ್ಮಾನವಾಯಿತು. ಕಾರನ್ನು ಗುಂಡ್ಲುಪೇಟೆಯ ಹೂವಿನ ವ್ಯಾಪಾರಿಯೊಬ್ಬರು ಕೊಳ್ಳಲು ಒಪ್ಪಿದರು. ಓಡಿಸಿ ತೋರಿಸಲು ನನ್ನನ್ನೇ ಕರೆಸಿದರು. ಹೊರಡುವಾಗ ಅಮ್ಮನವರು ಜಗಲಿಗೆ ಬಂದು ನಿಂತರು. ಕೊಳ್ಳುವವರ ಎದುರೇ ನನ್ನನ್ನು ಕೇಳಿದರು: "ಗಾಡೀಲಿ ಏನಾರ ಅದಾ?"

ಹಿಂದಿನ ಬ್ರೇಕ್ ಸವೆದಿದೆ, ಎಡಗಡೆ ಬೇರಿಂಗ್ ಸ್ವಲ್ಪ ಸದ್ದು ಮಾಡುತ್ತದೆ, ನನಗೆ ಕಂಡದ್ದು ಇಷ್ಟು, ಕಾಣದ್ದು ಇರಬಹುದು ಎಂದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ ಒಳಗೆ ಹೋದರು. ಮತ್ತೆ ನಾನು ಅವರನ್ನು ಕಂಡಿಲ್ಲ.

ನಾನೇ ಓಡಿಸಿದೆ. ಹೂವಿನ ವ್ಯಾಪಾರಿ ಪಕ್ಕದಲ್ಲಿ ಕೂತು ಕೇರಳದ ಓಣಂ ಸಂತೆಗೆ ಚೆಂಡುಹೂವು ಕಳಿಸುವ ಕಷ್ಟಗಳನ್ನು ಹೇಳುತ್ತಿದ್ದರು. ತೆರಕಣಾಂಬಿ ಹತ್ತಿರವಾದಂತೆ ಸುತ್ತು ತೋರಿಸುವ ಮುಳ್ಳಿನ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ಮರ ಬಂತು. ಈರುಳ್ಳಿಯ ಹೊಲದಲ್ಲಿ ಈ ಸಲ ಸೂರ್ಯಕಾಂತಿ ಹಾಕಿದ್ದರು, ಯಾರೂ ಇರಲಿಲ್ಲ. ನಿಲ್ಲದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ ಎಂದೇ ಅಂದುಕೊಂಡಿದ್ದೆ. ಮರ ಪಕ್ಕಕ್ಕೆ ಬಂದ ಕ್ಷಣದಲ್ಲಿ ಮಾತ್ರ ಗೊತ್ತಾಯಿತು, ನನ್ನ ಮನಸ್ಸು ಬೇಡುತ್ತಿದ್ದುದು ಅದರ ತದ್ವಿರುದ್ಧ. ಒಂದೇ ಒಂದು ಸಲ ನಿಲ್ಲಲಿ. ಇಳಿದು ಬಾನೆಟ್ ಎತ್ತುತ್ತೇನೆ.

ಮುಳ್ಳು ಅಲ್ಲಾಡಲಿಲ್ಲ. ಎಂಜಿನ್ ಒಂದೇ ಸಮನೆ ಓಡುತ್ತಿತ್ತು. "ಗಾಡಿ ಚೆನ್ನಾಗದ ಕಣಪ್ಪ" ಎಂದರು ಹೂವಿನ ವ್ಯಾಪಾರಿ.

"ಹೂಂ" ಎಂದೆ.